ಕರಗಿದ ಲೋಹ ಸೆರಾಮಿಕ್ಕಿನ ಮೈಗೆ ಹತ್ತುವುದು ಯಾವಾಗ?

ವಿದ್ಯುತ್ ಕಾರಿನ ಇನ್ವರ್ಟರ್ ಒಳಗೆ ತೆಳ್ಳಗಿನ ಸೆರಾಮಿಕ್ ಬಿಲ್ಲೆಯೊಂದು ಇರುತ್ತದೆ. ಅದರ ಎರಡೂ ಬದಿಗೆ ತಾಮ್ರದ ತಗಡು. ಈ ತಗಡು ಸೆರಾಮಿಕ್ಕಿನಿಂದ ಎಲ್ಲಾದರೂ ಎದ್ದು ಬಂದರೆ ಮೇಲೆ ಕೂತಿರುವ ಎಲೆಕ್ಟ್ರಾನಿಕ್ ಚಿಪ್‌ನ ಬಿಸಿ ಕೆಳಗಿಳಿಯುವ ದಾರಿ ಮುಚ್ಚಿಹೋಗಿ ಚಿಪ್ ಸುಟ್ಟುಹೋಗುತ್ತದೆ. ಎಲ್ಲರೂ ಎದುರು ನೋಡುತ್ತಿರುವ ಘನ ಎಲೆಕ್ಟ್ರೋಲೈಟ್ ಬ್ಯಾಟರಿಯಲ್ಲಿ, ಅಂದರೆ ಅಯಾನುಗಳನ್ನು ದ್ರವದ ಬದಲು ಘನ ವಸ್ತು ಸಾಗಿಸುವ ಬ್ಯಾಟರಿಯಲ್ಲಿ, ಲಿಥಿಯಂ ಲೋಹವು ಸೆರಾಮಿಕ್ ಹಾಳೆಗೆ ಸಂದಿಲ್ಲದಂತೆ ಕೂಡಿಕೊಳ್ಳಬೇಕು. ಅಲ್ಯೂಮಿನಿಯಂ ಗುಜರಿಯನ್ನು ಕರಗಿಸುವ ಕುಲುಮೆಯಲ್ಲಿ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಲೋಹ ಇಟ್ಟಿಗೆಯನ್ನು ಸೋಕಬಹುದು, ಅದಕ್ಕೆ ಹತ್ತಬಾರದು.

ಇಂಥ ಸುದ್ದಿಗಳನ್ನು ಬರೆಯುವಾಗ ಹೊಸ ಸೆರಾಮಿಕ್ಕಿನ ಹೆಸರು, ಹೊಸ ಮಿಶ್ರಲೋಹದ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತವೆ. ಈ ಲೋಹ ಆ ಸೆರಾಮಿಕ್ಕಿಗೆ ಹತ್ತುತ್ತದೆ, ಆ ಲೋಹ ಹತ್ತುವುದಿಲ್ಲ ಎಂದು ಜೋಡಿ ಜೋಡಿಯಾಗಿ ಹೇಳಿಬಿಡುವುದೂ ರೂಢಿ. ನನಗೆ ಇದು ಅರ್ಧ ಸತ್ಯವೆಂದೇ ತೋರುತ್ತದೆ. ಎರಡು ವಸ್ತುಗಳು ಯಾವುವು ಎಂಬುದಕ್ಕಿಂತ, ಅವು ಮುಟ್ಟಿಕೊಂಡ ಗಳಿಗೆಯಲ್ಲಿ ಅವುಗಳ ನಡುವೆ ಏನಿತ್ತು, ಆಮೇಲೆ ಅಲ್ಲಿ ಏನು ಹುಟ್ಟಿತು ಎಂಬುದೇ ಹೆಚ್ಚಿನದನ್ನು ತೀರ್ಮಾನಿಸುತ್ತದೆ. ಆ ನಡುವಿನ ಪದರ ಕೆಲವೊಮ್ಮೆ ಕೆಲವೇ ನ್ಯಾನೋಮೀಟರ್, ಹೆಚ್ಚೆಂದರೆ ಕೆಲವು ಮೈಕ್ರೋಮೀಟರ್ ದಪ್ಪ ಇರುತ್ತದೆ.

ಮೊದಲು ಅಳತೆಯ ವಿಷಯ. ಕೆಸುವಿನ ಎಲೆಯ ಮೇಲೆ ನೀರು ಗುಂಡಗೆ ನಿಲ್ಲುವ ಹಾಗೆ ಕರಗಿದ ಲೋಹವೂ ಬಹುಪಾಲು ಸೆರಾಮಿಕ್‌ಗಳ ಮೇಲೆ ಗುಂಡಾಗಿಯೇ ನಿಲ್ಲುತ್ತದೆ. ಹನಿಯ ಅಂಚು ನೆಲವನ್ನು ಮುಟ್ಟುವಲ್ಲಿ ದ್ರವದ ಒಳಗಡೆಯಿಂದ ಅಳೆದ ಕೋನಕ್ಕೆ ಸಂಪರ್ಕ ಕೋನ ಎನ್ನುತ್ತಾರೆ. 90 ಡಿಗ್ರಿಗಿಂತ ಕಡಿಮೆ ಇದ್ದರೆ ದ್ರವ ಮೇಲ್ಮೈಯನ್ನು ತೋಯಿಸಿತು, ಸಣ್ಣ ರಂಧ್ರಗಳಿದ್ದರೆ ತಾನಾಗಿ ಒಳಕ್ಕೆ ಇಳಿಯುತ್ತದೆ. 90 ದಾಟಿದರೆ ತೋಯಿಸಲಿಲ್ಲ, ಒತ್ತಡ ಹಾಕದೆ ಒಳಗೆ ಹೋಗುವುದಿಲ್ಲ. ಈ ಕೋನವನ್ನು ಮೂರು ಮೇಲ್ಮೈಗಳ ಎಳೆದಾಟದ ಸಮತೋಲನವೆಂದು ವಿವರಿಸಿದವನು ಥಾಮಸ್ ಯಂಗ್, 1805ರಲ್ಲಿ. ಘನ ಮತ್ತು ಅನಿಲದ ನಡುವೆ ಒಂದು, ಘನ ಮತ್ತು ದ್ರವದ ನಡುವೆ ಒಂದು, ದ್ರವ ಮತ್ತು ಅನಿಲದ ನಡುವೆ ಇನ್ನೊಂದು.

ಲೋಹಗಳ ವಿಷಯದಲ್ಲಿ ಈ ಎಳೆದಾಟ ಮೊದಲಿನಿಂದಲೇ ಒಂದು ಕಡೆಗೆ ವಾಲಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ಕರಗಿದ ತಾಮ್ರದ್ದು ಸುಮಾರು 1.3, ಕಬ್ಬಿಣದ್ದು 1.8ರ ಆಸುಪಾಸು. ಅಂದರೆ ತಾಮ್ರದ ಹನಿ ತನ್ನನ್ನು ತಾನು ಒಟ್ಟುಗೂಡಿಸಿಕೊಳ್ಳುವ ಬಲ ನೀರಿನ ಹದಿನೆಂಟು ಪಟ್ಟು. ಆಮ್ಲಜನಕ ಇಲ್ಲದ ವಾತಾವರಣದಲ್ಲಿ ಶುದ್ಧ ತಾಮ್ರವನ್ನು ಅಲ್ಯೂಮಿನಾ (ಅಲ್ಯೂಮಿನಿಯಂನ ಆಕ್ಸೈಡ್) ಮೇಲೆ ಕರಗಿಸಿದರೆ ಕೋನ ಸುಮಾರು 130 ಡಿಗ್ರಿ ಬರುತ್ತದೆ. ಇದರಿಂದ ಲೆಕ್ಕ ಹಾಕಿ ನೋಡಿದರೆ ತಾಮ್ರವನ್ನು ಅಲ್ಯೂಮಿನಾದಿಂದ ಬಿಡಿಸಲು ಬೇಕಾದ ಶಕ್ತಿ ಚದರ ಮೀಟರಿಗೆ ಅರ್ಧ ಜೂಲ್ ಕೂಡ ಇಲ್ಲ. ತಾಮ್ರವನ್ನು ತಾಮ್ರದಿಂದಲೇ ಬಿಡಿಸಲು 2.6 ಜೂಲ್ ಬೇಕು. ಐದರಲ್ಲಿ ಒಂದು ಪಾಲೂ ಇಲ್ಲದ ಈ ನಂಟಿನಿಂದ ಹನಿ ಹರಡುವುದು ಸಾಧ್ಯವೇ ಇಲ್ಲ.

ಕಾರಣ ಎಲೆಕ್ಟ್ರಾನ್‌ಗಳಲ್ಲಿದೆ. ಲೋಹದಲ್ಲಿ ಅವು ಎಲ್ಲ ಪರಮಾಣುಗಳ ನಡುವೆ ಸ್ವತಂತ್ರವಾಗಿ ಓಡಾಡುತ್ತವೆ. ಅಲ್ಯೂಮಿನಾ, ಸಿಲಿಕಾದಂಥ (ಸಿಲಿಕಾನಿನ ಆಕ್ಸೈಡ್) ಆಕ್ಸೈಡುಗಳಲ್ಲಿ ಒಂದೊಂದು ಎಲೆಕ್ಟ್ರಾನೂ ತನ್ನ ಬಂಧಕ್ಕೆ ಕಟ್ಟುಬಿದ್ದಿರುತ್ತದೆ. ಹೊರಗಿನಿಂದ ಬಂದ ಲೋಹಕ್ಕೆ ಕೈ ಚಾಚಲು ಅಲ್ಲಿ ಬಿಡುವಾದ ಬಂಧವಿರುವುದಿಲ್ಲ. ಹಾಗಾಗಿ ಅವೆರಡರ ನಡುವೆ ಉಳಿಯುವುದು ವಾನ್ ಡರ್ ವಾಲ್ಸ್ ಮಾದರಿಯ ದುರ್ಬಲ ಸೆಳೆತ. ಟೈಟಾನಿಯಂ ಡೈಬೋರೈಡ್, ಟಂಗ್‌ಸ್ಟನ್ ಕಾರ್ಬೈಡ್‌ನಂಥ ಕೆಲವು ಸೆರಾಮಿಕ್‌ಗಳಲ್ಲಿ ಎಲೆಕ್ಟ್ರಾನ್‌ಗಳು ಲೋಹದಲ್ಲಿರುವಂತೆಯೇ ಓಡಾಡುತ್ತವೆ. ಅವುಗಳ ಮೇಲೆ ಕರಗಿದ ಲೋಹ ಸುಲಭವಾಗಿ ಹರಡುತ್ತದೆ. ಕೋಬಾಲ್ಟ್ ಮತ್ತು ಟಂಗ್‌ಸ್ಟನ್ ಕಾರ್ಬೈಡ್ ಸೇರಿ ಯಂತ್ರದ ಕತ್ತರಿಸುವ ಉಳಿಯಾಗಲು ಸಾಧ್ಯವಾಗಿರುವುದೇ ಇದರಿಂದ. ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಕೋನವನ್ನು ಅಳೆಯುವುದು ಎಷ್ಟು ಕಷ್ಟ ಎನ್ನುವುದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು, ಏಕೆಂದರೆ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇಲ್ಲೇ. ನುಣುಪಾಗಿ ಉಜ್ಜಿದ ಅಲ್ಯೂಮಿನಾ ಬಿಲ್ಲೆಯ ಮೇಲೆ ಅಲ್ಯೂಮಿನಿಯಂನ ಚೂರೊಂದನ್ನು ಇಟ್ಟು ನಿರ್ವಾತ ಕುಲುಮೆಯಲ್ಲಿ ಬಿಸಿ ಮಾಡುತ್ತೇವೆ ಅನ್ನಿ. ಪಕ್ಕದ ಕಿಟಕಿಯಿಂದ ಕ್ಯಾಮೆರಾ ನೋಡುತ್ತಿರುತ್ತದೆ. 660 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚೂರು ಕರಗಬೇಕು. ಒಳಗೆ ಕರಗಿಯೂ ಇರುತ್ತದೆ. ಆದರೆ ಹೊರಗಿನ ಆಕಾರ ಬಹಳ ಹೊತ್ತು ಬದಲಾಗುವುದೇ ಇಲ್ಲ. ಚೂರಿನ ಮೂಲೆಗಳು ಮೊಂಡಾಗುತ್ತವೆ, ಮೈ ಸುಕ್ಕುಗಟ್ಟುತ್ತದೆ, ಅಷ್ಟೇ. ಅಳೆದರೆ ಕೋನ 150 ಡಿಗ್ರಿಗಿಂತಲೂ ಹೆಚ್ಚು ಬರಬಹುದು. ಅಲ್ಯೂಮಿನಿಯಂ ಅಲ್ಯೂಮಿನಾವನ್ನು ತೋಯಿಸುವುದೇ ಇಲ್ಲ ಎಂದು ಬರೆದುಕೊಂಡರೆ ಅಲ್ಲಿಗೆ ಮೋಸಹೋದಂತೆ. ಅಲ್ಲಿ ಬಿಲ್ಲೆಯನ್ನು ಮುಟ್ಟುತ್ತಿರುವುದು ದ್ರವ ಲೋಹವಲ್ಲ, ಅದನ್ನು ಸುತ್ತಿಕೊಂಡಿರುವ ಕೆಲವು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ.

ಈ ಪೊರೆಯನ್ನು ನಿರ್ವಾತದ ಬಲದಿಂದ ತಡೆಯಲು ಆಗುವುದಿಲ್ಲ. 700 ಡಿಗ್ರಿಯಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಆಗದೆ ಉಳಿಯಬೇಕಾದರೆ ಆಮ್ಲಜನಕದ ಒತ್ತಡ 10ರ ಮೈನಸ್ 49ನೇ ಘಾತದಷ್ಟು ವಾಯುಭಾರಕ್ಕೆ ಇಳಿಯಬೇಕು. ಅಂಥ ಪಂಪ್ ಯಾವುದೂ ಇಲ್ಲ. ಉಪಾಯ ಬೇರೆ ಕಡೆಯಿಂದ ಬರುತ್ತದೆ. ಉತ್ತಮ ನಿರ್ವಾತದಲ್ಲಿ ಉಷ್ಣತೆಯನ್ನು 900 ಡಿಗ್ರಿ ದಾಟಿಸಿದರೆ ಒಳಗಿನ ದ್ರವ ಅಲ್ಯೂಮಿನಿಯಂ ತನ್ನದೇ ಪೊರೆಯ ಜೊತೆ ಪ್ರತಿಕ್ರಿಯಿಸಿ ಎರಡು ಅಲ್ಯೂಮಿನಿಯಂ, ಒಂದು ಆಮ್ಲಜನಕ ಇರುವ ಅನಿಲವಾಗಿ ಹಾರಿಹೋಗುತ್ತದೆ. ಪೊರೆ ಹರಿಯುತ್ತದೆ, ಹನಿ ಥಟ್ಟನೆ ದ್ರವದ ಸಹಜ ಆಕಾರಕ್ಕೆ ಬರುತ್ತದೆ, ಕೋನ 90ರ ಆಸುಪಾಸಿಗೆ ಇಳಿಯುತ್ತದೆ. ಇನ್ನೊಂದು ದಾರಿಯೂ ಉಂಟು. ಲೋಹವನ್ನು ಬೇರೆಡೆ ಕರಗಿಸಿ ಸೆರಾಮಿಕ್ ನಳಿಕೆಯ ಸಣ್ಣ ತೂತಿನಿಂದ ಹಿಂಡಿ ಬಿಲ್ಲೆಯ ಮೇಲೆ ಇಳಿಸಿದರೆ ಪೊರೆ ನಳಿಕೆಯಲ್ಲೇ ಉಳಿದು ಶುದ್ಧ ಹನಿ ಕೆಳಗೆ ಬರುತ್ತದೆ.

ಒಂದೇ ಲೋಹ, ಒಂದೇ ಸೆರಾಮಿಕ್, ಆದರೆ ಎರಡು ಕೋನಗಳ ನಡುವೆ ಅರವತ್ತು ಡಿಗ್ರಿ ವ್ಯತ್ಯಾಸ! ಹಾಗಾಗಿ ಆಮ್ಲಜನಕದ ಒತ್ತಡ, ಉಷ್ಣತೆ, ಹಿಡಿದ ಸಮಯ ಈ ಮೂರನ್ನು ಹೇಳದೆ ಬರೀ ಸಂಪರ್ಕ ಕೋನ ಕೊಟ್ಟಿರುವ ಕೋಷ್ಟಕವನ್ನು ಯಾರೂ ವಿನ್ಯಾಸಕ್ಕೆ ಬಳಸಬಾರದು ಎಂದೇ ನನ್ನ ದೃಢ ಅಭಿಪ್ರಾಯ. ಬಿಲ್ಲೆಯ ಒರಟುತನವೂ ಸೇರಿಕೊಂಡರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ತೋಯದ ದ್ರವಕ್ಕೆ ಒರಟು ಮೈ ಇನ್ನೂ ದೊಡ್ಡ ಕೋನ ತೋರಿಸುತ್ತದೆ.

ಅಲ್ಯೂಮಿನಿಯಂಗೆ ಅಡ್ಡಿಯಾದ ಅದೇ ಆಮ್ಲಜನಕ ತಾಮ್ರಕ್ಕೆ ನೆರವಾಗುತ್ತದೆ. ತಾಮ್ರದಲ್ಲಿ ಸ್ವಲ್ಪ ಆಮ್ಲಜನಕ ಕರಗಿದ್ದರೆ ಅದು ದ್ರವದ ಒಳಗೆ ಉಳಿಯದೆ ಸೆರಾಮಿಕ್ಕಿನ ಗಡಿಗೆ ಹೋಗಿ ಸೇರುತ್ತದೆ, ಅಲ್ಲಿ ತಾಮ್ರಕ್ಕೂ ಆಕ್ಸೈಡಿಗೂ ನಡುವೆ ಸೇತುವೆಯಾಗುತ್ತದೆ. ವಿದ್ಯುತ್ ಉಪಕರಣಗಳ ಉದ್ಯಮ ದಶಕಗಳಿಂದ ಇದನ್ನೇ ನಂಬಿಕೊಂಡಿದೆ. ಶುದ್ಧ ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ತಾಮ್ರ ಮತ್ತು ಅದರ ಆಕ್ಸೈಡಿನ ಮಿಶ್ರಣ ಸುಮಾರು 1065ರಲ್ಲೇ ಕರಗುತ್ತದೆ. ತಗಡಿನ ಮೈಯನ್ನು ತೆಳುವಾಗಿ ಆಕ್ಸೈಡ್ ಮಾಡಿ ಅಲ್ಯೂಮಿನಾ ಮೇಲಿಟ್ಟು ಈ ಎರಡು ಅಂಕಿಗಳ ನಡುವಿನ ಉಷ್ಣತೆಗೆ ಏರಿಸಿದರೆ ತಗಡು ಘನವಾಗಿಯೇ ಇರುತ್ತದೆ, ಕೆಳಗಿನ ಮೈ ಮಾತ್ರ ತೆಳು ದ್ರವವಾಗಿ ಅಲ್ಯೂಮಿನಾವನ್ನು ತೋಯಿಸಿ ಆರುವಾಗ ಬಿಗಿಯಾಗುತ್ತದೆ. ಇಡೀ ತಂತ್ರ ನಿಂತಿರುವುದು 20 ಡಿಗ್ರಿಯ ಒಂದು ಕಿಂಡಿಯ ಮೇಲೆ. ಸಾವಿರಕ್ಕೂ ಮೇಲಿನ ಉಷ್ಣತೆಯಲ್ಲಿ 20 ಡಿಗ್ರಿಯನ್ನು ಇಡೀ ಕುಲುಮೆಯ ಉದ್ದಕ್ಕೂ ಹಿಡಿದು ನಿಲ್ಲಿಸುವುದು ಸಣ್ಣ ಕೆಲಸವಲ್ಲ. ಅಲ್ಯೂಮಿನಿಯಂ ಮತ್ತು ಸಾರಜನಕ ಸೇರಿದ ಸೆರಾಮಿಕ್ಕಾದ ಅಲ್ಯೂಮಿನಿಯಂ ನೈಟ್ರೈಡ್ ಮೇಲೆ ಇದೇ ಉಪಾಯ ನೇರವಾಗಿ ನಡೆಯುವುದಿಲ್ಲ. ಮೊದಲು ಅದರ ಮೈಯನ್ನು ಆಕ್ಸೈಡ್ ಮಾಡಿ ತೆಳುವಾದ ಅಲ್ಯೂಮಿನಾ ಪದರ ಬೆಳೆಸಬೇಕು. ನೈಟ್ರೈಡಿಗೆ ಅಂಟಿಸುತ್ತೇವೆ ಎಂದುಕೊಂಡರೂ ಕೊನೆಗೆ ಅಂಟಿಸುವುದು ಅಲ್ಯೂಮಿನಾಗೇ.

ಎರಡನೇ ದಾರಿ ಟೈಟಾನಿಯಂನದು. ಬೆಳ್ಳಿ 72, ತಾಮ್ರ 28ರ ತೂಕದಲ್ಲಿ ಬೆರೆಸಿದ ಮಿಶ್ರಣ 780 ಡಿಗ್ರಿಯಲ್ಲಿ ಕರಗುತ್ತದೆ. ಲೋಹಗಳನ್ನು ಬೆಸೆಯಲು ಬ್ರೇಜಿಂಗ್‌ನಲ್ಲಿ ಬಳಸುವ ಹಳೆಯ ಮಿಶ್ರಣವಿದು. ಸೆರಾಮಿಕ್ ಮೇಲೆ ಹಾಕಿದರೆ ಗುಂಡಾಗಿ ಉರುಳುತ್ತದೆ. ಇದಕ್ಕೆ ನೂರಕ್ಕೆ ಒಂದೂವರೆ ಎರಡು ಭಾಗ ಟೈಟಾನಿಯಂ ಸೇರಿಸಿ ನಿರ್ವಾತದಲ್ಲಿ 800 ಡಿಗ್ರಿ ದಾಟಿಸಿದರೆ ಅದೇ ಹನಿ ಮೆಲ್ಲಗೆ ಚಪ್ಪಟೆಯಾಗಿ ಹರಡುತ್ತದೆ. ಮೆಲ್ಲಗೆ ಎಂಬುದು ಇಲ್ಲಿ ಮುಖ್ಯ. ಪ್ರತಿಕ್ರಿಯೆ ಇಲ್ಲದ ಕಡೆ ಸಣ್ಣ ಹನಿ ತನ್ನ ಕೊನೆಯ ಆಕಾರಕ್ಕೆ ಬರಲು ಕೆಲವು ಮಿಲಿಸೆಕೆಂಡ್ ಸಾಕು. ಇಲ್ಲಿ ಹತ್ತಾರು ಸೆಕೆಂಡಿನಿಂದ ಹತ್ತಾರು ನಿಮಿಷದವರೆಗೂ ಹಿಡಿಯಬಹುದು, ಏಕೆಂದರೆ ಹನಿಯ ಅಂಚು ಮುಂದೆ ಸರಿಯಬೇಕಾದರೆ ಅದರ ಕೆಳಗಿನ ನೆಲ ಮೊದಲು ಬದಲಾಗಬೇಕು.

ಆ ಬದಲಾವಣೆ ಏನು? ದ್ರವದಲ್ಲಿದ್ದ ಟೈಟಾನಿಯಂ ಗಡಿಗೆ ಬಂದು ಅಲ್ಯೂಮಿನಾದಿಂದ ಆಮ್ಲಜನಕವನ್ನು, ಸಿಲಿಕಾನ್ ನೈಟ್ರೈಡಿನಿಂದ ಸಾರಜನಕವನ್ನು ಕಸಿದುಕೊಂಡು ಹೊಸ ಪದರ ಕಟ್ಟುತ್ತದೆ. ಮೊದಲನೆಯದರಲ್ಲಿ ಟೈಟಾನಿಯಂನ ಕೆಳದರ್ಜೆಯ ಆಕ್ಸೈಡು, ತಾಮ್ರ ಟೈಟಾನಿಯಂ ಆಮ್ಲಜನಕ ಮೂರೂ ಇರುವ ಸಂಯುಕ್ತ. ಎರಡನೆಯದರಲ್ಲಿ ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್. ಇವೆಲ್ಲವೂ ವಿದ್ಯುತ್ ಹರಿಸುವ, ಲೋಹದ ಗುಣವಿರುವ ಸಂಯುಕ್ತಗಳು. ಮೇಲೆ ಹೇಳಿದ ಭೇದ ಕೆಲಸಕ್ಕೆ ಬರುವುದು ಇಲ್ಲಿ. ಬೆಳ್ಳಿ ತಾಮ್ರದ ದ್ರವ ಈಗ ಅಲ್ಯೂಮಿನಾ ಮೇಲೆ ಕೂತಿಲ್ಲ, ಲೋಹಕ್ಕೆ ಹತ್ತಿರದ ನೆಲದ ಮೇಲೆ ಕೂತಿದೆ.

ಪ್ರತಿಕ್ರಿಯೆ ನಡೆದರೆ ಶಕ್ತಿ ಬಿಡುಗಡೆಯಾಗುತ್ತದೆ, ಆ ಶಕ್ತಿಯೇ ಹನಿಯನ್ನು ಹರಡಿಸುತ್ತದೆ ಎಂಬ ವಾದ ಬಹಳ ಕಾಲ ಚಾಲ್ತಿಯಲ್ಲಿತ್ತು, ಈಗಲೂ ಅಲ್ಲಲ್ಲಿ ಕಾಣುತ್ತದೆ. ಅದನ್ನು ಬಿಟ್ಟುಬಿಡಲು ಒಂದೇ ಉದಾಹರಣೆ ಸಾಕು. ಕರಗಿದ ಅಲ್ಯೂಮಿನಿಯಂ ಸಿಲಿಕಾ ಜೊತೆ ಬಲು ಜೋರಾಗಿ ಪ್ರತಿಕ್ರಿಯಿಸುತ್ತದೆ. ಸಿಲಿಕಾದ ಆಮ್ಲಜನಕವನ್ನೆಲ್ಲ ತಾನೇ ತೆಗೆದುಕೊಂಡು ಸಿಲಿಕಾನನ್ನು ಹೊರಗಟ್ಟುತ್ತದೆ. ಶಕ್ತಿಯೇ ಕಾರಣವಾಗಿದ್ದರೆ ಹನಿ ಪೂರ್ತಿ ಹರಡಿ ಹೋಗಬೇಕಿತ್ತು. ಹಾಗಾಗುವುದಿಲ್ಲ. ಕೊನೆಯ ಕೋನ ಅಲ್ಯೂಮಿನಾ ಮೇಲೆ ಅಲ್ಯೂಮಿನಿಯಂ ಎಷ್ಟು ತೋರಿಸುತ್ತದೋ ಅಷ್ಟಕ್ಕೇ ಬಂದು ನಿಲ್ಲುತ್ತದೆ, ಏಕೆಂದರೆ ಪ್ರತಿಕ್ರಿಯೆಯ ಫಲವಾಗಿ ಕೆಳಗೆ ಉಳಿದಿರುವುದು ಅಲ್ಯೂಮಿನಾ. ಪ್ರತಿಕ್ರಿಯೆಯ ಬಿರುಸು ವೇಗವನ್ನು ನಿರ್ಧರಿಸಬಹುದು. ಎಲ್ಲಿಗೆ ಹೋಗಿ ಮುಟ್ಟಬೇಕು ಎನ್ನುವುದನ್ನು ಅದು ಬಿಟ್ಟುಹೋದ ಹೊಸ ಮೇಲ್ಮೈ ಹೇಳುತ್ತದೆ.

ಹತ್ತಿತು ಎಂದ ಮಾತ್ರಕ್ಕೆ ಬೆಸುಗೆ ಗಟ್ಟಿ ಎಂದೂ ಅರ್ಥವಲ್ಲ. ಟೈಟಾನಿಯಂ ಹೆಚ್ಚು ಹಾಕಿದರೆ ಪದರ ದಪ್ಪಗಾಗಿ ಗಾಜಿನಂತೆ ಪೆಡಸಾಗುತ್ತದೆ. ಸಿಲಿಕಾನ್ ಕಾರ್ಬೈಡನ್ನು ಅಲ್ಯೂಮಿನಿಯಂ ತೋಯಿಸುವಾಗ ಹುಟ್ಟುವ ಅಲ್ಯೂಮಿನಿಯಂ ಕಾರ್ಬೈಡ್ ಇನ್ನೂ ಕೆಟ್ಟದ್ದು. ತೇವ ತಾಗಿದರೆ ಅದು ಒಡೆದು ಮೀಥೇನ್ ಬಿಡುತ್ತದೆ, ಜೋಡಣೆ ಒಳಗಿನಿಂದಲೇ ಸಡಿಲವಾಗುತ್ತದೆ. ಅದಕ್ಕೇ ಅಲ್ಯೂಮಿನಿಯಂಗೆ ಮೊದಲೇ ಸಾಕಷ್ಟು ಸಿಲಿಕಾನ್ ಬೆರೆಸಿ ಆ ಪ್ರತಿಕ್ರಿಯೆಯನ್ನು ತಡೆಯುತ್ತಾರೆ. ಇದರ ಮೇಲೆ ಹಿಗ್ಗುವಿಕೆಯ ತಕರಾರು ಬೇರೆ. ಒಂದು ಡಿಗ್ರಿ ಏರಿದರೆ ತಾಮ್ರ ತನ್ನ ಉದ್ದದ ಹತ್ತು ಲಕ್ಷದಲ್ಲಿ 17 ಪಾಲು ಹಿಗ್ಗುತ್ತದೆ, ಸಿಲಿಕಾನ್ ನೈಟ್ರೈಡ್ ಸುಮಾರು 3 ಪಾಲು. 800 ಡಿಗ್ರಿಯಲ್ಲಿ ಬೆಸೆದ ಜೋಡಿ ಆರುತ್ತ ಬಂದಂತೆ ತಾಮ್ರ ಕುಗ್ಗಲು ಎಳೆಯುತ್ತದೆ, ಸೆರಾಮಿಕ್ ಬಿಡುವುದಿಲ್ಲ.

ವಿದ್ಯುತ್ ವಾಹನಗಳ ಇನ್ವರ್ಟರ್ ಒಳಗಿನ ಬಿಲ್ಲೆಯಾಗಿ ಸಿಲಿಕಾನ್ ನೈಟ್ರೈಡ್ ಮುಂದೆ ಬರುತ್ತಿರುವುದಕ್ಕೆ ಕಾರಣ ಇಲ್ಲಿದೆ. ಶಾಖ ಹರಿಸುವುದರಲ್ಲಿ ಅಲ್ಯೂಮಿನಿಯಂ ನೈಟ್ರೈಡೇ ಮೇಲು: ಮೀಟರಿಗೆ ಕೆಲ್ವಿನ್‌ಗೆ ಸುಮಾರು 170 ವ್ಯಾಟ್. ಸಿಲಿಕಾನ್ ನೈಟ್ರೈಡ್ ಬಿಲ್ಲೆಗಳು 80ರಿಂದ 90, ಅಲ್ಯೂಮಿನಾ 20ರಿಂದ 30. ಆದರೆ ಬಿರುಕು ತಡೆಯುವ ಶಕ್ತಿಯಲ್ಲಿ ಸಿಲಿಕಾನ್ ನೈಟ್ರೈಡ್ ಅಲ್ಯೂಮಿನಿಯಂ ನೈಟ್ರೈಡಿನ ಸುಮಾರು ಎರಡು ಪಟ್ಟು. ಹಾಗಾಗಿ ಬಿಲ್ಲೆಯನ್ನು ಮೂರನೇ ಒಂದು ಮಿಲಿಮೀಟರಿಗೆ ತೆಳುಮಾಡಿ, ಶಾಖದ ನಷ್ಟವನ್ನು ಅಲ್ಲೇ ತುಂಬಿಕೊಂಡು, ಮೇಲೆ ದಪ್ಪ ತಾಮ್ರ ಕೂರಿಸಬಹುದು. ಆದರೆ ಈ ಬಿಲ್ಲೆಗೆ ತಾಮ್ರವನ್ನು ಆಮ್ಲಜನಕದ ದಾರಿಯಲ್ಲಿ ಕೂಡಿಸುವುದು ಕಷ್ಟ. ಹೀಗಾಗಿ ಟೈಟಾನಿಯಂ ದಾರಿ, ಅದರ ಜೊತೆಗೇ ನಿರ್ವಾತ ಕುಲುಮೆ ಮತ್ತು ಬೆಳ್ಳಿಯ ಖರ್ಚು. ಬೆಳ್ಳಿ ಇಲ್ಲದ ಬ್ರೇಜಿಂಗ್ ಮಿಶ್ರಣಗಳ ಹುಡುಕಾಟ ಬಿರುಸಾಗಿರುವುದು ಇದೇ ಕಾರಣಕ್ಕೆ.

ಕುಲುಮೆಯ ಕಡೆಗೆ ಬಂದರೆ ಹತ್ತದಂತೆ ನೋಡಿಕೊಳ್ಳುವುದೇ ಹೋರಾಟ. ಗುಜರಿ ಅಲ್ಯೂಮಿನಿಯಂ ಕರಗಿಸಲು ಅದಿರಿನಿಂದ ಹೊಸದಾಗಿ ತೆಗೆಯುವುದರ ಸುಮಾರು ಶೇಕಡ 5ರಷ್ಟು ಶಕ್ತಿ ಸಾಕು, ಆದ್ದರಿಂದ ಈ ಕುಲುಮೆಗಳ ಮೇಲೆ ಭಾರ ಹೆಚ್ಚುತ್ತಲೇ ಇದೆ. ಅವುಗಳ ಇಟ್ಟಿಗೆಯಲ್ಲಿ ಸಿಲಿಕಾ ಇದ್ದರೆ ಲೋಹ ಅದನ್ನು ತಿನ್ನುತ್ತದೆ, ಗುಜರಿಯಲ್ಲಿ ಮೆಗ್ನೀಸಿಯಂ ಇದ್ದರೆ ಇನ್ನೂ ಬೇಗ ತಿನ್ನುತ್ತದೆ. ಲೋಹದ ಮಟ್ಟ ಮುಗಿದು ಗಾಳಿ ಶುರುವಾಗುವ ಗೆರೆಯಲ್ಲಿ ಅಲ್ಯೂಮಿನಿಯಂ ಸಣ್ಣ ರಂಧ್ರಗಳಿಂದ ಮೇಲೇರಿ, ಆಕ್ಸೈಡಾಗಿ, ಕುರಂದದ (ಹರಳುಗಟ್ಟಿದ ಅಲ್ಯೂಮಿನಾ) ಗಡ್ಡೆಯಾಗಿ ಬೆಳೆಯುತ್ತದೆ. ಬೂದು ಕಪ್ಪು ಬಣ್ಣದ ಈ ಗಡ್ಡೆ ಕಲ್ಲಿಗಿಂತ ಗಟ್ಟಿ. ಒಡೆದು ತೆಗೆಯುವಾಗ ಇಟ್ಟಿಗೆಯೂ ಕಿತ್ತು ಬರುತ್ತದೆ. ಇದನ್ನು ತಡೆಯಲು ಇಟ್ಟಿಗೆಯ ಮಿಶ್ರಣಕ್ಕೆ ಬೇರಿಯಂ ಸಲ್ಫೇಟ್, ಕ್ಯಾಲ್ಸಿಯಂ ಫ್ಲೋರೈಡ್ ಸೇರಿಸುತ್ತಾರೆ, ಮೂಸೆ ಮತ್ತು ಉಪಕರಣಗಳಿಗೆ ಬೋರಾನ್ ನೈಟ್ರೈಡ್ ಬಳಿಯುತ್ತಾರೆ. ಬೇರಿಯಂ ಸಲ್ಫೇಟ್ ಕೂಡ ಉಷ್ಣತೆ ತುಂಬ ಏರಿದರೆ ಸುತ್ತಲಿನ ಸಿಲಿಕೇಟುಗಳ ಜೊತೆ ಸೇರಿಹೋಗಿ ತನ್ನ ಗುಣ ಕಳೆದುಕೊಳ್ಳುತ್ತದೆ. ಬೆಂಕಿಯ ಜ್ವಾಲೆ ನೇರವಾಗಿ ತಾಗುವ ಮೂಲೆಗಳಲ್ಲಿ ಇದಕ್ಕೆ ಪೂರ್ಣ ಪರಿಹಾರವಿಲ್ಲ.

ಉಕ್ಕಿನ ಕೆಲಸದಲ್ಲಿ ಇದೇ ಗುಣ ಬೇರೆ ರೂಪದಲ್ಲಿ ಕಾಡುತ್ತದೆ. ದ್ರವ ಉಕ್ಕು ಅಲ್ಯೂಮಿನಾ ಕಣಗಳನ್ನು ತೋಯಿಸುವುದಿಲ್ಲವಾದ್ದರಿಂದ ಆ ಕಣಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ, ಉಕ್ಕು ಸುರಿಯುವ ನಳಿಕೆಯ ಗೋಡೆ ಹಿಡಿದು ಬಾಯಿ ಕಟ್ಟುತ್ತವೆ. ಕ್ಯಾಲ್ಸಿಯಂ ಸೇರಿಸಿ ಅವುಗಳನ್ನು ದ್ರವರೂಪದ ಅಲ್ಯೂಮಿನೇಟ್ ಮಾಡುವುದು ಇದರ ಚಿಕಿತ್ಸೆ. ಟೈಟಾನಿಯಂ ಎರಕದವರ ಪಾಡು ಎಲ್ಲಕ್ಕಿಂತ ಕಠಿಣ. ಬಹುತೇಕ ಎಲ್ಲ ಆಕ್ಸೈಡುಗಳಿಂದಲೂ ಅದು ಆಮ್ಲಜನಕ ಎಳೆದುಕೊಳ್ಳುತ್ತದೆ, ಅಚ್ಚಿಗೆ ಯಿಟ್ರಿಯಾ (ಯಿಟ್ರಿಯಂನ ಆಕ್ಸೈಡ್) ಬಳಿದರೂ ಮೈಮೇಲೆ ಪೆಡಸು ಪದರ ಉಳಿದು ಆಮ್ಲದಲ್ಲಿ ತೆಗೆಯಬೇಕಾಗುತ್ತದೆ.

ಘನ ಬ್ಯಾಟರಿಯ ಕಥೆ ಇವೆಲ್ಲಕ್ಕಿಂತ ಹೊಸದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಪಾಠವಿರುವುದೂ ಅದರಲ್ಲೇ. ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂ ಇರುವ ಗಾರ್ನೆಟ್ ಮಾದರಿಯ ಸೆರಾಮಿಕ್ ಲಿಥಿಯಂ ಅಯಾನುಗಳನ್ನು ಚೆನ್ನಾಗಿ ಹರಿಸುತ್ತದೆ ಎಂದು 2007ರಲ್ಲಿ ವರದಿಯಾಯಿತು. ಅದರ ಮೇಲೆ 180 ಡಿಗ್ರಿಯಲ್ಲಿ ಕರಗುವ ಲಿಥಿಯಂ ಇಟ್ಟರೆ ಗುಂಡಾಗಿ ನಿಲ್ಲುತ್ತಿತ್ತು. ಲಿಥಿಯಂಗೆ ಗಾರ್ನೆಟ್ ಒಗ್ಗುವುದಿಲ್ಲ ಎಂಬ ಅಭಿಪ್ರಾಯ ಬೆಳೆಯಿತು. ನಿಜವಾದ ಕಾರಣ ಗಾಳಿ. ಗಾರ್ನೆಟ್ ತೇವಕ್ಕೆ ತನ್ನ ಲಿಥಿಯಂ ಬಿಟ್ಟುಕೊಟ್ಟು, ಅದು ಇಂಗಾಲದ ಡೈಆಕ್ಸೈಡ್ ಹಿಡಿದು, ಮೈತುಂಬ ಲಿಥಿಯಂ ಕಾರ್ಬೊನೇಟ್ ಪದರ ಕಟ್ಟಿಕೊಳ್ಳುತ್ತದೆ. 2017ರಲ್ಲಿ ಪ್ರಕಟವಾದ ಕೆಲಸದಲ್ಲಿ ಆ ಪದರವನ್ನು ಉಜ್ಜಿ, ಬಿಸಿ ಮಾಡಿ ತೆಗೆದಾಗ ಕೋನ 146 ಡಿಗ್ರಿಯಿಂದ 95ಕ್ಕೆ ಇಳಿಯಿತು. ಅದೇ ವರ್ಷದ ಇನ್ನೊಂದು ಕೆಲಸದಲ್ಲಿ ಗಾರ್ನೆಟ್ ಮೇಲೆ ಅತಿ ತೆಳುವಾದ ಅಲ್ಯೂಮಿನಾ ಪದರ ಕೂರಿಸಿದರು. ಲಿಥಿಯಂ ಅದರೊಡನೆ ಪ್ರತಿಕ್ರಿಯಿಸಿ ಹರಡಿತು, ಗಡಿಯ ವಿದ್ಯುತ್ ಅಡ್ಡಿ ಚದರ ಸೆಂಟಿಮೀಟರ್ ಲೆಕ್ಕದಲ್ಲಿ 1,710 ಓಮ್‌ನಿಂದ 1 ಓಮ್‌ಗೆ ಬಿತ್ತು. ಕರಗಿದ ಸೋಡಿಯಂ ಬಳಸುವ ಬ್ಯಾಟರಿಗಳಲ್ಲೂ ಸೋಡಿಯಂ ಅಯಾನುಗಳನ್ನು ಹರಿಸುವ ಬೀಟಾ ಅಲ್ಯೂಮಿನಾ ಎಂಬ ಸೆರಾಮಿಕ್ಕಿನ ಮೇಲೆ ಸೀಸದ ಲೇಪ ಕೊಟ್ಟು ಇಂಥದೇ ತೊಂದರೆಯನ್ನು ನಿಭಾಯಿಸಿದ್ದಾರೆ.

ಆದರೆ ಹತ್ತಿಸುವುದು ಮೊದಲ ಹೆಜ್ಜೆ ಮಾತ್ರ. ಬ್ಯಾಟರಿ ವಿದ್ಯುತ್ ಕೊಡುವಾಗ ಲಿಥಿಯಂ ಪರಮಾಣುಗಳು ಗಡಿಯಿಂದಲೇ ಹೊರಡುತ್ತವೆ. ಹಿಂದಿನಿಂದ ಹೊಸ ಲಿಥಿಯಂ ಬಂದು ಆ ಜಾಗ ತುಂಬುವ ವೇಗಕ್ಕಿಂತ ಬೇಗ ಹೊರಟರೆ ಗಡಿಯಲ್ಲಿ ಟೊಳ್ಳು ಬೀಳುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಉಳಿದಿರುವ ಕೆಲವೇ ಸ್ಪರ್ಶ ಬಿಂದುಗಳಿಗೆ ಎಲ್ಲ ಕರೆಂಟೂ ನುಗ್ಗಿ, ಅಲ್ಲಿಂದ ಲಿಥಿಯಂ ಎಳೆಗಳು ಸೆರಾಮಿಕ್ಕಿನ ಬಿರುಕಿನೊಳಗೆ ತೂರುತ್ತವೆ. ಮೊದಲ ದಿನದ ಸಂಪರ್ಕ ಕೋನ ಎಷ್ಟೇ ಚೆನ್ನಾಗಿದ್ದರೂ ಈ ಟೊಳ್ಳನ್ನು ಅದೊಂದೇ ತಡೆಯಲಾರದು. ಒತ್ತಡ ಹಾಕಿ ಹಿಡಿಯಬೇಕು, ಕರೆಂಟಿಗೆ ಮಿತಿ ಇಡಬೇಕು, ಇಲ್ಲವೇ ಲಿಥಿಯಂ ಗಡಿಗೆ ಬೇಗ ಬಂದು ಸೇರುವಂಥ ಮಿಶ್ರಲೋಹದ ಪದರ ನಡುವೆ ಇರಬೇಕು. ಘನ ಬ್ಯಾಟರಿ ಸಿದ್ಧವಾಯಿತು ಎಂದು ಯಾರಾದರೂ ಘೋಷಿಸಿದಾಗ ಅಯಾನು ಹರಿವಿನ ಅಂಕಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು: ಎಷ್ಟು ಒತ್ತಡದಲ್ಲಿ ನಡೆಸಿದಿರಿ, ಎಷ್ಟು ಕರೆಂಟಿನಲ್ಲಿ, ನೂರಾರು ಸುತ್ತು ಮುಗಿದ ಮೇಲೆ ಆ ಗಡಿಯನ್ನು ಕತ್ತರಿಸಿ ನೋಡಿದಿರಾ?